ಗುಮಾಸ್ತ ಕಟ್ಟಿದ ಪುಟ್ಟ ರೈಲು: ಫ್ರಾಂಕ್ ಹಾರ್ನ್‌ಬಿ

ಬ್ರಿಟನ್ನಿನಲ್ಲಿ ಆಟಿಕೆ ರೈಲು ಎಂದೊಡನೆ ನೆನಪಾಗುವ ಹೆಸರು ಹಾರ್ನ್‌ಬಿ. ಉಗಿ ಎಂಜಿನ್ನಿರಲಿ, ಹಸಿರು ಬಣ್ಣದ ಡೀಸೆಲ್ ಎಂಜಿನ್ನಿರಲಿ, ಕಲ್ಲಿದ್ದಲು ತುಂಬಿದ ಗೂಡ್ಸ್ ವ್ಯಾಗನ್ನಿರಲಿ, ಅದರ ಅಂಗೈಯಗಲದ ಪ್ರತಿರೂಪದ ಪೆಟ್ಟಿಗೆಯ ಮೇಲೆ ಈ ಹೆಸರು ಕಾಣಸಿಗುತ್ತದೆ. ಈ ಹೆಸರಿನ ಹಿಂದಿದ್ದ ವ್ಯಕ್ತಿ ಎಂಜಿನಿಯರ್ ಆಗಿರಲಿಲ್ಲ. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟು, ನಲವತ್ತು ದಾಟುವವರೆಗೂ ಅಂಗಡಿ ಕಚೇರಿಗಳಲ್ಲಿ ಲೆಕ್ಕ ಬರೆದು ಬದುಕಿದ ಗುಮಾಸ್ತ ಅವರು. ತಮ್ಮ ಇಬ್ಬರು ಗಂಡುಮಕ್ಕಳಿಗಾಗಿ ತಗಡು ಕತ್ತರಿಸಿ ಮಾಡಿದ ಆಟಿಕೆಯೊಂದು ಅವರನ್ನು ಕಾರ್ಖಾನೆಯ ಒಡೆಯರನ್ನಾಗಿಯೂ ಸಂಸತ್ ಸದಸ್ಯರನ್ನಾಗಿಯೂ ಮಾಡಿತು. ಮಗು ಆಟಿಕೆಯನ್ನು ಕೊಂಡು ತಂದರೆ ಸಾಲದು, ತಾನೇ ಕಟ್ಟಬೇಕು ಎಂಬ ಅವರ ಮೂಲ ವಿಚಾರ ಮಾತ್ರ ಅವರ ಕಾರ್ಖಾನೆಯಲ್ಲೇ ಹಿಂದೆ ಸರಿದು, ಬಹುಕಾಲದ ನಂತರ ಬೇರೆಯವರ ಕೈಯಲ್ಲಿ ಮತ್ತೆ ಚಿಗುರಿತು.

ಬಂದರು ನಗರದ ಬಾಲಕ

ಫ್ರಾಂಕ್ ಹಾರ್ನ್‌ಬಿ ಜನಿಸಿದ್ದು 1863ರ ಮೇ 15ರಂದು, ಲಿವರ್‌ಪೂಲ್ ನಗರದ ಕಾಪರಾಸ್ ಹಿಲ್ ಬೀದಿಯಲ್ಲಿ. ಲೈಮ್ ಸ್ಟ್ರೀಟ್ ರೈಲು ನಿಲ್ದಾಣ ಅಲ್ಲಿಗೆ ತೀರ ಸಮೀಪ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ 1830ರಲ್ಲೇ ರೈಲು ಸಂಚಾರ ಆರಂಭವಾಗಿತ್ತು. ಹಡಗುಗಳಿಂದ ಸರಕು ಇಳಿಸುವ ಕ್ರೇನುಗಳು, ಬಂದರಿನಿಂದ ಹೊರಡುವ ಗೂಡ್ಸ್ ಗಾಡಿಗಳು ಆ ಊರಿನ ಮಕ್ಕಳಿಗೆ ನಿತ್ಯದ ನೋಟ. ತಂದೆ ಜಾನ್ ಹಾರ್ನ್‌ಬಿ ದಿನಸಿ ಸಾಮಗ್ರಿಗಳ ವರ್ತಕರು. ಓದಿನಲ್ಲಿ ಹೆಚ್ಚು ಆಸಕ್ತಿಯಿಲ್ಲದ ಫ್ರಾಂಕ್ ಹದಿನಾರನೆಯ ವಯಸ್ಸಿನಲ್ಲಿ ತಂದೆಯ ವ್ಯಾಪಾರದಲ್ಲೇ ನಗದು ಗುಮಾಸ್ತರಾಗಿ ಸೇರಿದರು.

ಆ ಕಾಲದ ಅನೇಕ ಯುವಕರಂತೆ ಅವರೂ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ, ಸ್ವಪ್ರಯತ್ನದಿಂದ ಮೇಲೆ ಬಂದವರ ಕಥೆಗಳನ್ನು ಹೇಳುವ ಪುಸ್ತಕದಿಂದ ಪ್ರಭಾವಿತರಾದರು. ನಿಲ್ಲದೆ ತಾನೇ ತಿರುಗುತ್ತಿರುವ ಯಂತ್ರವೊಂದನ್ನು ಮಾಡಬೇಕೆಂದು ಹೊರಟು ವಿಫಲರಾದದ್ದೂ ಉಂಟು. ಕೈಯಲ್ಲಿ ಉಪಕರಣಗಳಿದ್ದರೂ ತರಬೇತಿ ಇರಲಿಲ್ಲ. ಆ ಕೊರತೆಯೇ ಮುಂದೆ ಅವರಿಗೆ ವರವಾಯಿತು. ನುರಿತ ಕಮ್ಮಾರನಿಗೆ ಸುಲಭವಾದ ಕೆಲಸ ಸಾಮಾನ್ಯನಿಗೆ ಎಷ್ಟು ಕಷ್ಟ ಎಂಬುದು ಅವರಿಗೆ ಅನುಭವದಿಂದಲೇ ತಿಳಿದಿತ್ತು.

1887ರಲ್ಲಿ ಶಾಲಾ ಶಿಕ್ಷಕಿ ಎಮ್ಮಾ ಗೋಡಫ್ರಾಯ್ ಅವರೊಂದಿಗೆ ವಿವಾಹವಾಯಿತು. ರೋಲಂಡ್ ಮತ್ತು ಡಗ್ಲಾಸ್ ಎಂಬ ಇಬ್ಬರು ಗಂಡುಮಕ್ಕಳು, ಪೆಟ್ರೀಷಿಯಾ ಎಂಬ ಮಗಳು ಹುಟ್ಟಿದರು. 1899ರಲ್ಲಿ ತಂದೆ ತೀರಿಕೊಂಡು ಅಂಗಡಿ ಮುಚ್ಚಿದಾಗ ಫ್ರಾಂಕ್, ಡೇವಿಡ್ ಹ್ಯೂ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಮೂವತ್ತಾರು ವರ್ಷ.

ಐದು ಪೌಂಡ್ ಸಾಲ

ಮಕ್ಕಳಿಗಾಗಿ ಸೇತುವೆ, ಲಾರಿ, ಕ್ರೇನ್ ಮೊದಲಾದ ಆಟಿಕೆಗಳನ್ನು ಹಾರ್ನ್‌ಬಿ ಮನೆಯಲ್ಲೇ ತಗಡಿನಿಂದ ಮಾಡುತ್ತಿದ್ದರು. ಪ್ರತಿ ಆಟಿಕೆಗೂ ಹೊಸದಾಗಿ ತಗಡು ಕತ್ತರಿಸಬೇಕು, ಹೊಸದಾಗಿ ತೂತು ಕೊರೆಯಬೇಕು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕ್ರಿಸ್‌ಮಸ್ ಸಮಯದ ರೈಲು ಪ್ರಯಾಣವೊಂದರಲ್ಲಿ ಇದಕ್ಕೆ ಪರಿಹಾರ ಹೊಳೆಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಎಲ್ಲ ಪಟ್ಟಿಗಳೂ ಅರ್ಧ ಅಂಗುಲ ಅಗಲ, ತೂತುಗಳ ನಡುವಿನ ಅಂತರವೂ ಅರ್ಧ ಅಂಗುಲ. ತೂತು, ನಟ್ಟು, ಬೋಲ್ಟು, ಗಾಲಿಯ ಸರಳು ಎಲ್ಲವೂ ಒಂದೇ ಅಳತೆಗೆ ಬದ್ಧ. ಹೀಗಾದರೆ ಇಂದು ಕ್ರೇನ್ ಆಗಿದ್ದ ಪಟ್ಟಿ ನಾಳೆ ಸೇತುವೆಯಾಗುತ್ತದೆ. ಯಾವುದೂ ವ್ಯರ್ಥವಾಗುವುದಿಲ್ಲ.

ಲೆಕ್ಕ ಬರೆಯುವವನ ಮನಸ್ಸಿಗೆ ಹಿಡಿಸುವಂಥ ಕ್ರಮ ಇದು. 1901ರ ಜನವರಿಯಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. ಅದಕ್ಕೆ ಬೇಕಾದ ಐದು ಪೌಂಡ್ ಹಣವನ್ನು ಸಾಲವಾಗಿ ಕೊಟ್ಟವರು ಮಾಲೀಕ ಎಲಿಯಟ್ ಅವರೇ. ಆಟಿಕೆ ತಯಾರಿಸಲು ಬೇರೆ ಕಂಪನಿಗಳು ಮುಂದೆ ಬಾರದಿದ್ದಾಗ ಎಲಿಯಟ್ ತಮ್ಮ ಕಚೇರಿಯ ಪಕ್ಕದ ಖಾಲಿ ಜಾಗವನ್ನೂ ಬಿಟ್ಟುಕೊಟ್ಟು ಪಾಲುದಾರರಾದರು. 1902ರಲ್ಲಿ ಮೊದಲ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಯಂತ್ರವಿದ್ಯೆಯನ್ನು ಸುಲಭಗೊಳಿಸುವುದಾಗಿ ಸಾರುವ ಹೆಸರು ಅದಕ್ಕಿತ್ತು. ಒಳಗೆ ಹದಿನಾರು ಬಗೆಯ ಭಾಗಗಳು, ಹನ್ನೆರಡು ಮಾದರಿಗಳನ್ನು ಕಟ್ಟುವ ವಿಧಾನ ತಿಳಿಸುವ ಹಾಳೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೆನ್ರಿ ಹೀಲಿ-ಷಾ ಅವರು ನೀಡಿದ ಪ್ರಶಂಸಾಪತ್ರ ಈ ಅಪರಿಚಿತ ಸರಕಿಗೆ ಬಲ ತಂದಿತು.

ಆದರೂ ಲಾಭ ಕೂಡಲೇ ಬರಲಿಲ್ಲ. 1903ರಲ್ಲಿ ಸುಮಾರು 1,500 ಪೆಟ್ಟಿಗೆಗಳು ಮಾರಾಟವಾದರೂ ಲೆಕ್ಕಪುಸ್ತಕ ನಷ್ಟವನ್ನೇ ತೋರಿಸಿತು. ಮೊದಲ ಲಾಭ ಕಂಡದ್ದು 1906ರಲ್ಲಿ. ಬೇಡಿಕೆ ಏರಿ, ಭಾಗಗಳನ್ನು ಪೂರೈಸುತ್ತಿದ್ದ ಕಾರ್ಖಾನೆಗಳಿಗೆ ಅದನ್ನು ಮುಟ್ಟಿಸಲಾಗದಾದಾಗ ಹಾರ್ನ್‌ಬಿ ದೊಡ್ಡ ನಿರ್ಧಾರ ಕೈಗೊಂಡರು. 1907ರಲ್ಲಿ ಗುಮಾಸ್ತಿಕೆ ಬಿಟ್ಟು, ಸಾಲ ತಂದು, ಡ್ಯೂಕ್ ಬೀದಿಯಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಅದೇ ವರ್ಷ ಮೆಕಾನೊ ಎಂಬ ಹೆಸರನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಿದರು. 1908ರ ಮೇ ತಿಂಗಳಲ್ಲಿ ಮೆಕಾನೊ ಲಿಮಿಟೆಡ್ ಸ್ಥಾಪನೆಯಾಯಿತು. ಹೊಸ ಕಂಪನಿಗೆ ಸೇರದಿರಲು ಎಲಿಯಟ್ ನಿರ್ಧರಿಸಿದರು. ಐದು ಪೌಂಡ್ ಕೊಟ್ಟು ಆರಂಭಕ್ಕೆ ಆಸರೆಯಾದವರು ಮುಂದಿನ ಸಂಪತ್ತಿನಲ್ಲಿ ಪಾಲಿಲ್ಲದೆ ಉಳಿದರು. ಹಾರ್ನ್‌ಬಿ ಏಕೈಕ ಒಡೆಯರಾದರು.

ಮುಂದಿನ ಬೆಳವಣಿಗೆ ಅತಿ ಶೀಘ್ರ. 1912ರಲ್ಲಿ ಪ್ಯಾರಿಸ್ ಶಾಖೆ ಆರಂಭವಾಯಿತು. 1914ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. 1916ರಲ್ಲಿ ಮಕ್ಕಳಿಗಾಗಿ ಮೆಕಾನೊ ಪತ್ರಿಕೆ ಹೊರಬಂತು. ಆಟಿಕೆ ಜಾಹೀರಾತಿನ ಜೊತೆಗೆ ಅಣೆಕಟ್ಟು, ಸೇತುವೆ, ಹಡಗು, ರೈಲುಗಳ ಕುರಿತ ಸಚಿತ್ರ ಲೇಖನಗಳು ಅದರಲ್ಲಿರುತ್ತಿದ್ದವು. ಇದು ಬರೀ ಆಟಿಕೆಯಲ್ಲ ಎಂಬುದಕ್ಕೆ 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಾಕ್ಷಿ ದೊರೆಯಿತು. ವಿಜ್ಞಾನಿ ಡಗ್ಲಾಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಗಣಿತದ ಕ್ಲಿಷ್ಟ ಸಮೀಕರಣಗಳನ್ನು ಬಿಡಿಸುವ ಯಂತ್ರದ ಮಾದರಿಯೊಂದನ್ನು ಮೆಕಾನೊ ಭಾಗಗಳಿಂದಲೇ ಕಟ್ಟಿ ಓಡಿಸಿದರು. ಭಾರತದ ನಗರಗಳ ಆಟಿಕೆ ಅಂಗಡಿಗಳಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲಿ ಅನೇಕರು ಬಾಲ್ಯದಲ್ಲಿ ಕಂಡ ತೂತುಪಟ್ಟಿಗಳ ಪೆಟ್ಟಿಗೆಯೂ ಇದೇ ವಂಶಕ್ಕೆ ಸೇರಿದ್ದು.

ನಟ್ಟು ಬೋಲ್ಟಿನ ರೈಲು

ಮೊದಲ ಮಹಾಯುದ್ಧಕ್ಕೆ ಮುನ್ನ ಬ್ರಿಟನ್ನಿನ ಮಕ್ಕಳು ಆಡುತ್ತಿದ್ದ ರೈಲುಗಳಲ್ಲಿ ಬಹುಪಾಲು ಜರ್ಮನಿಯವು. ಮಾರ್ಕ್ಲಿನ್, ಬಿಂಗ್ ಮುಂತಾದ ಕಂಪನಿಗಳದ್ದೇ ಮೇಲುಗೈ. ಯುದ್ಧ ಆ ಆಮದನ್ನು ಕಡಿದುಹಾಕಿತು. ಯುದ್ಧ ಮುಗಿದ ಮೇಲೂ ಜರ್ಮನ್ ಸರಕಿನ ಬಗ್ಗೆ ಜನರಲ್ಲಿ ಅಸಮಾಧಾನ ಉಳಿದಿತ್ತು. ಈ ತೆರಪಿನಲ್ಲಿ ಹಾರ್ನ್‌ಬಿ 1920ರಲ್ಲಿ ತಮ್ಮ ರೈಲುಗಳನ್ನು ಬಿಡುಗಡೆ ಮಾಡಿದರು.

32 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ, ಕೀಲಿ ಕೊಡುವ ತಗಡಿನ ರೈಲು ಅದು. ಅದರ ವೈಶಿಷ್ಟ್ಯ ವೇಗದಲ್ಲಾಗಲಿ ರೂಪದಲ್ಲಾಗಲಿ ಇರಲಿಲ್ಲ. ಎಂಜಿನ್ನನ್ನೂ ವ್ಯಾಗನ್ನನ್ನೂ ಮೆಕಾನೊದಂತೆಯೇ ನಟ್ಟು ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಕೆಟ್ಟ ಭಾಗವನ್ನು ಮಾತ್ರ ಬದಲಿಸಿಕೊಳ್ಳಬಹುದಿತ್ತು. ರೈಲು ಓಡಿಸುವ ಮಗು ಅದರ ಒಡಲನ್ನೂ ಬಲ್ಲದ್ದಾಗಬೇಕು ಎಂಬ ಆಶಯ ಇಲ್ಲೂ ಮುಂದುವರಿಯಿತು.

ಗೂಡ್ಸ್ ವ್ಯಾಗನ್ನುಗಳಲ್ಲಿ ಹಾರ್ನ್‌ಬಿ ಅವರ ವ್ಯಾಪಾರ ಜಾಣ್ಮೆ ಎದ್ದು ಕಾಣುತ್ತದೆ. ಎಂಜಿನ್ ದುಬಾರಿ, ವರ್ಷಕ್ಕೊಂದು ಕೊಳ್ಳುವುದೂ ಕಷ್ಟ. ವ್ಯಾಗನ್ ಅಗ್ಗ, ಹುಟ್ಟುಹಬ್ಬಕ್ಕೊಂದು ಸೇರಿಸಿಕೊಳ್ಳಬಹುದು. ನಿಜ ಜೀವನದಲ್ಲೂ ಬ್ರಿಟನ್ನಿನ ಹಳಿಗಳ ಮೇಲೆ ಗಣಿ ಕಂಪನಿಗಳ, ವರ್ತಕರ ಸ್ವಂತ ವ್ಯಾಗನ್ನುಗಳು ಅವರವರ ಹೆಸರು ಹೊತ್ತು ಓಡುತ್ತಿದ್ದವು. ಹಾರ್ನ್‌ಬಿ ಸರಣಿಯಲ್ಲಿ ಷೆಲ್ ಪೆಟ್ರೋಲ್ ಟ್ಯಾಂಕ್, ಜೇಕಬ್ಸ್ ಮತ್ತು ಕಾರ್ಸ್ ಬಿಸ್ಕತ್ತಿನ ವ್ಯಾನ್, ಕೋಲ್‌ಮನ್ಸ್ ಸಾಸಿವೆಯ ವ್ಯಾನ್ ಬಂದವು. ಕೆಲವೇ ಕಾಲ ತಯಾರಾದ ಆ ಸಾಸಿವೆ ವ್ಯಾನ್ ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವ ವಸ್ತು. 1923ರಲ್ಲಿ ದೇಶದ ರೈಲು ಕಂಪನಿಗಳೆಲ್ಲ ನಾಲ್ಕು ದೊಡ್ಡ ಕಂಪನಿಗಳಾಗಿ ಒಗ್ಗೂಡಿದಾಗ ಆಟಿಕೆಗಳ ಬಣ್ಣವೂ ಅದಕ್ಕೆ ತಕ್ಕಂತೆ ಬದಲಾಯಿತು.

ಎಲ್ಲ ಪ್ರಯೋಗಗಳೂ ಫಲಿಸಲಿಲ್ಲ. 1925ರಲ್ಲಿ ಬಂದ ಮೊದಲ ವಿದ್ಯುತ್ ರೈಲು ಮನೆಯ ವಿದ್ಯುತ್ ಜಾಲದ ಅಧಿಕ ವೋಲ್ಟೇಜನ್ನೇ ಬಳಸುತ್ತಿತ್ತು. ಮಕ್ಕಳ ಕೈಗೆ ಅದು ಅಪಾಯಕಾರಿ ಎಂಬುದು ಸ್ಪಷ್ಟವಾಗಿ, ಕಡಿಮೆ ವೋಲ್ಟೇಜಿನ ವ್ಯವಸ್ಥೆಗೆ ಹೊರಳಬೇಕಾಯಿತು. ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ದಶಕ ಕಳೆಯುತ್ತ ಬಂದಂತೆ ನಟ್ಟು ಬೋಲ್ಟಿನ ರಚನೆ ಕಡಿಮೆಯಾಗಿ, ತಗಡಿನ ನಾಲಿಗೆಯನ್ನು ಸೀಳಿಗೆ ತೂರಿಸಿ ಮಡಿಸುವ ಅಗ್ಗದ ವಿಧಾನ ಬಂತು. ರೈಲು ನೋಡಲು ಹೆಚ್ಚು ಅಂದವಾಯಿತು. ಆದರೆ ಮಗು ಅದನ್ನು ಬಿಚ್ಚುವಂತಿರಲಿಲ್ಲ. ಕಟ್ಟುವ ಆಟಿಕೆ ಕೊಳ್ಳುವ ಆಟಿಕೆಯಾಗತೊಡಗಿತು.

ಡೀಸೆಲ್ಲಿನ ಮೊದಲ ಸುಳಿವು

1930ರ ದಶಕದ ಆರಂಭದಲ್ಲಿ ರೈಲು ನಿಲ್ದಾಣಕ್ಕೆ ಅಲಂಕಾರವಾಗಿ ಸಣ್ಣ ಲೋಹದ ಗೊಂಬೆಗಳು, ವಾಹನಗಳು ಬಿನ್ಸ್ ರಸ್ತೆಯಿಂದ ಹೊರಬರತೊಡಗಿದವು. 1934ರಲ್ಲಿ ಅವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರಾಯಿತು. ಗ್ರೇಟ್ ವೆಸ್ಟರ್ನ್ ರೈಲ್ವೆಯು ಆಗಷ್ಟೇ ಓಡಿಸತೊಡಗಿದ್ದ ಡೀಸೆಲ್ ರೈಲುಕಾರಿನ ಪುಟ್ಟ ಎರಕದ ಪ್ರತಿರೂಪ ಆ ಸರಣಿಯಲ್ಲಿತ್ತು. ಮುಂದಿನ ಯುಗದ ಸುಳಿವು ಹಾರ್ನ್‌ಬಿ ಅವರ ಜೀವಿತಕಾಲದಲ್ಲೇ ಅವರ ಕಾರ್ಖಾನೆಗೆ ಬಂದಿತ್ತು ಎನ್ನಲು ಇದೊಂದು ಗುರುತು. ಎರಕಕ್ಕೆ ಬಳಸಿದ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರಿಂದ ಆ ಕಾಲದ ಅನೇಕ ಆಟಿಕೆಗಳು ವರ್ಷಗಳು ಕಳೆದಂತೆ ಉಬ್ಬಿ, ಬಿರುಕು ಬಿಟ್ಟು, ಪುಡಿಯಾದವು. ತಗಡಿನ ಹಳೆಯ ವ್ಯಾಗನ್ನುಗಳೇ ಹೆಚ್ಚು ಬಾಳಿದವು.

ಹಾರ್ನ್‌ಬಿ ಆಗ ಶ್ರೀಮಂತರು. ಲಿವರ್‌ಪೂಲಿನ ಹೊರವಲಯದ ಮಘಲ್‌ನಲ್ಲಿ ಭವ್ಯ ಬಂಗಲೆಯಿತ್ತು. 1931ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಎವರ್ಟನ್ ಕ್ಷೇತ್ರಕ್ಕೆ ಆಯ್ಕೆಯಾದರು. ರಾಜಕೀಯ ಅವರಿಗೆ ಒಗ್ಗಲಿಲ್ಲ, ಆರೋಗ್ಯವೂ ಸಹಕರಿಸಲಿಲ್ಲ. 1935ರ ಚುನಾವಣೆಗೆ ಅವರು ನಿಲ್ಲಲಿಲ್ಲ. ಹೃದ್ರೋಗ ಮತ್ತು ಮಧುಮೇಹದಿಂದ ಬಳಲುತ್ತಿದ್ದ ಅವರು 1936ರ ಸೆಪ್ಟೆಂಬರ್ 21ರಂದು, ತಮ್ಮ 73ನೆಯ ವಯಸ್ಸಿನಲ್ಲಿ ಲಿವರ್‌ಪೂಲಿನಲ್ಲಿ ನಿಧನರಾದರು. ಹಿರಿಯ ಮಗ ರೋಲಂಡ್ ಕಂಪನಿಯ ಹೊಣೆ ಹೊತ್ತರು.

ಹೆಸರಿನ ನಂತರದ ಬದುಕು

ಅವರು ತೀರಿಕೊಂಡ ಎರಡು ವರ್ಷಗಳ ಬಳಿಕ, 1938ರಲ್ಲಿ, ಹಾರ್ನ್‌ಬಿ ಡಬ್ಲೊ ಎಂಬ ಇನ್ನೂ ಚಿಕ್ಕ ರೈಲು ಬಂತು. ಊಟದ ಮೇಜಿನ ಮೇಲೆ ಇಡೀ ನಿಲ್ದಾಣ ಹಿಡಿಸುವ ಗಾತ್ರ. ಇದರ ಅಳತೆಯಲ್ಲಿ ಇಂದಿಗೂ ಚರ್ಚೆಯಾಗುವ ಒಂದು ರಾಜಿ ಇದೆ. ನಿಜವಾದ ರೈಲಿನ ಒಂದು ಅಡಿಗೆ ಮಾದರಿಯಲ್ಲಿ ನಾಲ್ಕು ಮಿಲಿಮೀಟರ್, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಆ ಲೆಕ್ಕದಂತೆ 1,435 ಮಿಲಿಮೀಟರ್ ಅಗಲದ ಹಳಿ ಮಾದರಿಯಲ್ಲಿ 18.83 ಮಿಲಿಮೀಟರ್ ಆಗಬೇಕು. ಆದರೆ ಇಟ್ಟದ್ದು 16.5. ಯುರೋಪಿನ ಇತರ ದೇಶಗಳು ಅದೇ ಹಳಿಗೆ 87ರಲ್ಲಿ ಒಂದು ಪಾಲಿನ ಪ್ರಮಾಣ ಬಳಸಿದವು. ಬ್ರಿಟನ್ನಿನ ರೈಲುಗಳು ಯುರೋಪಿನವಕ್ಕಿಂತ ಕಿರಿದಾದ್ದರಿಂದ, ಆ ಪ್ರಮಾಣದಲ್ಲಿ ಮಾಡಿದರೆ ಅಂದಿನ ಮೋಟಾರು ಎಂಜಿನ್ನಿನ ಒಡಲೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಒಡಲನ್ನು ಹಿಗ್ಗಿಸಿ ಹಳಿಯನ್ನು ಹಾಗೆಯೇ ಉಳಿಸಲಾಯಿತು.

ಎರಡನೆಯ ಮಹಾಯುದ್ಧ ಉತ್ಪಾದನೆಯನ್ನು ನಿಲ್ಲಿಸಿತು. ಯುದ್ಧಾನಂತರ ನಿಜವಾದ ರೈಲುಗಳೇ ಬದಲಾದವು. 1948ರಲ್ಲಿ ರಾಷ್ಟ್ರೀಕರಣಗೊಂಡ ಬ್ರಿಟಿಷ್ ರೈಲ್ವೆ 1955ರಲ್ಲಿ ಆಧುನೀಕರಣ ಯೋಜನೆ ಪ್ರಕಟಿಸಿ ಉಗಿಯಿಂದ ಡೀಸೆಲ್ ಮತ್ತು ವಿದ್ಯುತ್ತಿಗೆ ಹೊರಳಿತು. 1957ರಲ್ಲಿ ಡಿ8000 ಸಂಖ್ಯೆಯ ಸಾವಿರ ಅಶ್ವಶಕ್ತಿಯ ಡೀಸೆಲ್ ಎಂಜಿನ್ ಹೊರಬಂತು. ಅದನ್ನು ಕಟ್ಟಿದ್ದು ಲಿವರ್‌ಪೂಲಿಗೆ ಸಮೀಪದ ನ್ಯೂಟನ್-ಲಿ-ವಿಲ್ಲೋಸ್‌ನಲ್ಲಿದ್ದ ವಲ್ಕನ್ ಕಾರ್ಖಾನೆ. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲನ್ನು ಎಳೆದ ಎಂಜಿನ್ನುಗಳೂ ಇದೇ ಕಾರ್ಖಾನೆಯವು. ಮರುವರ್ಷವೇ ಬಿನ್ಸ್ ರಸ್ತೆಯಿಂದ ಇದರ ಡಬ್ಲೊ ಮಾದರಿ ಬಂತು. 1961ರಲ್ಲಿ ಡೆಲ್ಟಿಕ್ ಮಾದರಿಯೂ, ಒಂದು ತುದಿಯಲ್ಲಿ ಮೂರು ಜೊತೆ, ಇನ್ನೊಂದು ತುದಿಯಲ್ಲಿ ಎರಡು ಜೊತೆ ಗಾಲಿಗಳಿದ್ದ ವಿಚಿತ್ರ ಎಂಜಿನ್ನಿನ ಮಾದರಿಯೂ ಬಂದವು. ನಿಜ ಹಳಿಯ ಮೇಲೆ ಆ ವಿಚಿತ್ರ ಎಂಜಿನ್ನುಗಳಿದ್ದದ್ದು ಕೇವಲ ಇಪ್ಪತ್ತು. ವ್ಯಾಗನ್ನುಗಳಲ್ಲೂ ತಗಡಿನ ಬದಲು, ಮರದ ಹಲಗೆಯ ಗೆರೆಗಳೂ ಬೋಲ್ಟಿನ ತಲೆಗಳೂ ಕಾಣುವ ಪ್ಲಾಸ್ಟಿಕ್ ಒಡಲು ಬಂತು.

ಮಾದರಿಗಳು ಉತ್ತಮವಾಗಿದ್ದರೂ ಕಂಪನಿ ಹಿಂದೆ ಬಿದ್ದಿತ್ತು. ಡಬ್ಲೊ ರೈಲಿಗೆ ವಿದ್ಯುತ್ ಒಯ್ಯಲು ನಡುವೆ ಮೂರನೆಯ ಹಳಿ ಬೇಕಿತ್ತು. ನಿಜವಾದ ರೈಲುಮಾರ್ಗದ ಹಾಗೆ ಕಾಣದ ಆ ಹಳಿಯನ್ನು ಕಂಪನಿ 1959ರವರೆಗೂ ಬಿಡಲಿಲ್ಲ. ಅಷ್ಟರಲ್ಲಿ ಲೈನ್ಸ್ ಸಹೋದರರ ಟ್ರೈ-ಆಂಗ್ ಕಂಪನಿ ಎರಡೇ ಹಳಿಯ ಅಗ್ಗದ ಪ್ಲಾಸ್ಟಿಕ್ ರೈಲುಗಳಿಂದ ಮಾರುಕಟ್ಟೆ ಹಿಡಿದಿತ್ತು. 1964ರಲ್ಲಿ ಮೆಕಾನೊ ಕಂಪನಿ ಅದೇ ಪ್ರತಿಸ್ಪರ್ಧಿಯ ಪಾಲಾಯಿತು. ಡಬ್ಲೊ ತಯಾರಿಕೆ ನಿಂತಿತು. ಆದರೆ ಹಾರ್ನ್‌ಬಿ ಎಂಬ ಹೆಸರಿಗಿದ್ದ ಬೆಲೆ ಗೆದ್ದವರಿಗೂ ಬೇಕಿತ್ತು. ಟ್ರೈ-ಆಂಗ್ ರೈಲುಗಳು 1965ರಿಂದ ಟ್ರೈ-ಆಂಗ್ ಹಾರ್ನ್‌ಬಿಯಾಗಿ, ಲೈನ್ಸ್ ಸಂಸ್ಥೆ 1971ರಲ್ಲಿ ಕುಸಿದ ಬಳಿಕ ಬರೀ ಹಾರ್ನ್‌ಬಿಯಾದವು.

ಬಿನ್ಸ್ ರಸ್ತೆಯ ಕಾರ್ಖಾನೆಯ ಅಂತ್ಯ ದುಃಖಕರವಾಗಿತ್ತು. ಲೈನ್ಸ್ ಕುಸಿತದ ನಂತರ ಅದನ್ನು ಪಡೆದಿದ್ದ ಏರ್‌ಫಿಕ್ಸ್ ಸಂಸ್ಥೆ 1979ರ ನವೆಂಬರಿನಲ್ಲಿ ಅದನ್ನು ಮುಚ್ಚಿತು. ಹೊರಹೋಗಲು ಒಪ್ಪದ ಕಾರ್ಮಿಕರು ಕಾರ್ಖಾನೆಯನ್ನು ವಶದಲ್ಲಿರಿಸಿಕೊಂಡು ಹೋರಾಡಿದರೂ ಅದು ಮತ್ತೆ ತೆರೆಯಲಿಲ್ಲ. ಅರವತ್ತೈದು ವರ್ಷಗಳ ಕಾಲ ಒಂದು ನಗರಕ್ಕೆ ಅನ್ನವಿಕ್ಕಿದ ಜಾಗ ಸ್ತಬ್ಧವಾಯಿತು. ಕಾಲಚಕ್ರ ತಿರುಗಿ, 2006ರಲ್ಲಿ ಹಾರ್ನ್‌ಬಿ ಹೆಸರಿನ ಕಂಪನಿಯೇ ಏರ್‌ಫಿಕ್ಸ್ ಅನ್ನು ಕೊಂಡುಕೊಂಡಿತು. ಬಿನ್ಸ್ ರಸ್ತೆಯ ಕಾರ್ಮಿಕರಿಗೆ ಅದರಿಂದ ಆದದ್ದೇನೂ ಇರಲಿಲ್ಲ.

ಮತ್ತೆ ಕೈಗೆ ಬಂದ ಕೆಲಸ

ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಉಗಿ ಎಂಜಿನ್ನಿನ ಕೊನೆಯ ಪ್ರಯಾಣಿಕ ರೈಲು 1968ರ ಆಗಸ್ಟ್ 11ರಂದು ಹೊರಟದ್ದು ಲೈಮ್ ಸ್ಟ್ರೀಟ್ ನಿಲ್ದಾಣದಿಂದ, ಹಾರ್ನ್‌ಬಿ ಹುಟ್ಟಿದ ಬೀದಿಯ ಮಗ್ಗುಲಿನಿಂದಲೇ. ಆ ನಂತರ ಬೆಳೆದ ಮಕ್ಕಳಿಗೆ ರೈಲು ಎಂದರೆ ಡೀಸೆಲ್. ಅವರು ದೊಡ್ಡವರಾಗಿ ಮಾದರಿ ಕಟ್ಟಲು ಕುಳಿತಾಗ ಪೆಟ್ಟಿಗೆಯಿಂದ ತೆಗೆದು ಓಡಿಸುವುದಷ್ಟೇ ಸಾಕೆನಿಸಲಿಲ್ಲ.

ಡೀಸೆಲ್ ಮಾದರಿಯಲ್ಲಿ ಮೊದಲು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. 1957ರ ಡಿ8000 ಪೂರ್ತಿ ಹಸಿರು. 1960ರ ದಶಕದ ಆರಂಭದಲ್ಲಿ ಎಂಜಿನ್ನುಗಳ ಮುಖಕ್ಕೆ ಎಚ್ಚರಿಕೆಯ ಹಳದಿ ಪಟ್ಟಿ ಬಂತು, ದಶಕದ ಕೊನೆಗೆ ಇಡೀ ಮುಖ ಹಳದಿಯಾಯಿತು. 1970ರ ದಶಕದಲ್ಲಿ ಕಂಪ್ಯೂಟರ್ ವ್ಯವಸ್ಥೆಗಾಗಿ ಸಂಖ್ಯೆಗಳು ಬದಲಾಗಿ ಡಿ8000 ಎಂಬುದು 20050 ಆಯಿತು. ಆ ಎಂಜಿನ್ ಮುಂದೆ ಯಾರ್ಕ್‌ನ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಸೇರಿತು. ಹಸಿರು ಎಂಜಿನ್ನಿಗೆ ಹೊಸ ಸಂಖ್ಯೆ ಬರೆದು ತಪ್ಪು ಕಾಲದ ವ್ಯಾಗನ್ ಜೋಡಿಸಿದರೆ ಬಲ್ಲವರ ಕಣ್ಣಿಗೆ ಕೂಡಲೇ ಬೀಳುತ್ತದೆ.

ವ್ಯಾಗನ್ನಿನ ಕೆಲಸ ಇನ್ನೂ ಸೂಕ್ಷ್ಮ. ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ, 16 ಟನ್ ಕಲ್ಲಿದ್ದಲು ಹೊರುವ ಉಕ್ಕಿನ ವ್ಯಾಗನ್ನುಗಳು ಅಂದಿನ ಗೂಡ್ಸ್ ಗಾಡಿಗಳ ಜೀವಾಳ. ಅವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನಿನಿಂದ ಹಾಕಬಹುದಾದ ಬ್ರೇಕ್ ಇರಲಿಲ್ಲ. ಎಂಜಿನ್ನಿನ ತೂಕ ಮತ್ತು ಕೊನೆಯ ಗಾರ್ಡ್ ಡಬ್ಬಿಯ ಬ್ರೇಕನ್ನೇ ನಂಬಬೇಕಿತ್ತು. ಉಗಿ ಎಂಜಿನ್ನಿಗಿಂತ ಹಗುರವಾದ ಡೀಸೆಲ್ಲಿಗೆ ಭಾರದ ಗಾಡಿಯನ್ನು ತಡೆಯುವುದು ಕಷ್ಟವಾದಾಗ, ಬ್ರೇಕಿಗಾಗಿಯೇ ಭಾರ ತುಂಬಿದ ವಿಶೇಷ ಗಾಡಿಯನ್ನು ಎಂಜಿನ್ನಿಗೆ ಜೋಡಿಸುತ್ತಿದ್ದರು. ಇದನ್ನು ತಿಳಿದು, ಆ ಗಾಡಿಯನ್ನೂ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಕಟ್ಟಿ, ತುಕ್ಕಿನ ಬಣ್ಣ ತೇಯ್ದು, ನಿಜವಾದ ಕಲ್ಲಿದ್ದಲಿನ ಪುಡಿ ತುಂಬುವವರಿದ್ದಾರೆ. ಹಳಿಯ ಅಗಲದ ಹಳೆಯ ರಾಜಿಯನ್ನು ಒಪ್ಪದ ಕೆಲವರು 18.83 ಮಿಲಿಮೀಟರಿನ ಹಳಿಯನ್ನು ತಾವೇ ಹಾಕಿ, ಗಾಲಿಗಳನ್ನೂ ಬದಲಿಸುತ್ತಾರೆ.

ಫ್ರಾಂಕ್ ಹಾರ್ನ್‌ಬಿ ಈ ಡೀಸೆಲ್ ಎಂಜಿನ್ನುಗಳನ್ನು ಕಾಣಲಿಲ್ಲ. ಅವರ ಕಾರ್ಖಾನೆ ಉಳಿದಿಲ್ಲ. ಅವರ ಹೆಸರು ಪ್ರತಿಸ್ಪರ್ಧಿಗಳ ಕೈ ಸೇರಿ ಬದುಕಿತು. ಆದರೆ ಕೊಂಡ ವ್ಯಾಗನ್ನನ್ನು ಬಿಚ್ಚಿ, ಅದು ಹೇಗೆ ನಿಲ್ಲುತ್ತದೆ, ಯಾವ ಭಾಗ ಯಾವುದನ್ನು ಹಿಡಿದಿದೆ ಎಂದು ತಿಳಿದು ಮತ್ತೆ ಜೋಡಿಸುವವರು ಮಾಡುತ್ತಿರುವುದು, 1899ರ ಸುಮಾರಿಗೆ ಲಿವರ್‌ಪೂಲಿನ ಲೆಕ್ಕದ ಗುಮಾಸ್ತರು ತಮ್ಮ ಮಕ್ಕಳೊಂದಿಗೆ ಮಾಡುತ್ತಿದ್ದ ಕೆಲಸವನ್ನೇ.